‘ನಮ್ಮವನೇ’ ಅನ್ನೋದು ಕೊಟೇಶನ್ ಅಲ್ಲ

ಸೆಮಿಸ್ಟರ್ ರಜೆಗೆ ಊರಿಗೆ ಹೋದ ಇಂಜಿನಿಯರಿಂಗ್ ವಿದ್ಯಾರ್ಥಿಗೆ ನಮ್ಮ ಕಡೆ ಎರಡು ಪ್ರಶ್ನೆ ತಪ್ಪಿದ್ದಲ್ಲ. ಒಂದು, ‘ಪ್ಲೇಸ್‌ಮೆಂಟ್ ಆಯ್ತಾ?’ ಇನ್ನೊಂದು, ‘ಮನೆ ರಿಪೇರಿಗೆ ಯಾರಾದ್ರೂ ನಂಬಿಕಸ್ಥ ಕಾಂಟ್ರಾಕ್ಟರ್ ಗೊತ್ತಾ?’ ನೀವು ಕಂಪ್ಯೂಟರ್ ಸೈನ್ಸ್ ಓದ್ತಿದ್ರೂ ಇದರಿಂದ ಬಿಡುಗಡೆ ಇಲ್ಲ. ಗೋಡೆ ಯಾಕೆ ಬಿರುಕು ಬಿಟ್ಟಿದೆ ಅಂತ ಹೇಳೋಕೆ ಬರಲ್ಲ ಅಂದ್ರೆ ಅಷ್ಟೊಂದು ಫೀಸು ಯಾಕೆ ಕಟ್ಟಿದ್ದು ಅಂತ ಚಿಕ್ಕಪ್ಪಂದಿರು ಕೇಳ್ತಾರೆ.

ಮೊದಲ ಪ್ರಶ್ನೆಗೆ ನನ್ನ ಹತ್ರ ಇನ್ನೂ ಉತ್ತರ ಇಲ್ಲ. ಎರಡನೆಯದರ ಬಗ್ಗೆ ಮಾತ್ರ ಒಂದು ಅಭಿಪ್ರಾಯ ಇದೆ. ಅದನ್ನ ಇಲ್ಲಿ ಬರೀತಿದ್ದೀನಿ, ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಬೈಯಬಹುದು.

ಈ ಪ್ರಶ್ನೆ ಈಗ ಜಾಸ್ತಿಯಾಗೋಕೆ ಕಾರಣ ಇದೆ. 2024-25ರ ಸೀಸನ್ನಿನಲ್ಲಿ ಅರೇಬಿಕಾ, ರೊಬಸ್ಟಾ ಎರಡಕ್ಕೂ ನಮ್ಮ ಅಪ್ಪಂದಿರು ಕಂಡು ಕೇಳದ ಬೆಲೆ ಬಂತು. ಬೆಲೆ ಬಂದ ವರ್ಷ ಮಲೆನಾಡಿನವರು ಮಾಡೋ ಕೆಲಸ ಮೂರು: ಸಾಲ ತೀರಿಸೋದು, ಮದುವೆ ಮಾಡೋದು, ಮನೆ ಮುಟ್ಟೋದು. ಕಳಸದಲ್ಲಿ ಬಸ್ಸು ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ, ಆಲ್ದೂರು ದಾಟಿ ಚಿಕ್ಕಮಗಳೂರಿಗೆ ಬರುವಷ್ಟರಲ್ಲಿ ಕಿಟಕಿಯಿಂದಲೇ ಲೆಕ್ಕ ಹಾಕಬಹುದು. ಎಲ್ಲಿ ನೋಡಿದ್ರೂ ಜಲ್ಲಿ ರಾಶಿ, ಸೆಂಟ್ರಿಂಗ್ ಕಂಬ, ಹೆಂಚು ಇಳಿಸಿ ನೀಲಿ ಟಾರ್ಪಾಲು ಹೊದಿಸಿದ ಮಾಡು. ಅದರಲ್ಲಿ ಅರ್ಧ ಹೋಮ್‌ಸ್ಟೇ ಆಗಲಿರುವ ಮನೆಗಳು.

ಹಣ ಕೈಗೆ ಬಂದಿದೆ, ಮಳೆಗೆ ಮುಂಚೆ ಮುಗಿಸಬೇಕು, ಯಾರನ್ನು ನಂಬೋದು ಗೊತ್ತಿಲ್ಲ. ಆಗ ಎಲ್ಲರೂ ಮಾಡೋದು ಒಂದೇ ಕೆಲಸ. ಯಾರಿಗೋ ಫೋನ್ ಮಾಡಿ ‘ಅವನು ಹೆಂಗೆ?’ ಅಂತ ಕೇಳ್ತಾರೆ. ಆ ಕಡೆಯಿಂದ ‘ಏನಿಲ್ಲ, ನಮ್ಮವನೇ’ ಅಂತ ಉತ್ತರ ಬರುತ್ತೆ. ಮಾತು ಅಲ್ಲಿಗೆ ಮುಗೀತು. ಅಡ್ವಾನ್ಸ್ ಹೋಯ್ತು.

ನನ್ನ ವಾದ ಇಷ್ಟೇ. ನಂಬಿಕಸ್ಥ ಕಾಂಟ್ರಾಕ್ಟರನ್ನ ಹುಡುಕಿ ತರೋಕೆ ಆಗಲ್ಲ. ಹಣ ಕೊಡೋ ಕ್ರಮ, ಅಳತೆ ಮಾಡೋ ಕ್ರಮ, ಬರೆದಿಡೋ ಕ್ರಮ ಇವು ಸರಿ ಇದ್ರೆ ಸಾಧಾರಣ ಮನುಷ್ಯನೂ ನಂಬಿಕಸ್ಥನಾಗಿಯೇ ನಡ್ಕೊಳ್ತಾನೆ. ಅವು ಇಲ್ಲದಿದ್ರೆ ದೇವರಂಥವನೂ ಮೇ ತಿಂಗಳಲ್ಲಿ ಫೋನ್ ಎತ್ತಲ್ಲ.

ಕಳಸದ ಮೇಲಿನ ನಮ್ಮ ದೊಡ್ಡಮ್ಮನ ಮನೆ ಕತೆ ಹೇಳಿದ್ರೆ ಇದು ಸ್ಪಷ್ಟ ಆಗುತ್ತೆ. ಹಳೇ ಹೆಂಚಿನ ಮನೆ, ಮಣ್ಣಿನ ಗೋಡೆ, ಪಕ್ಕಾಸಿಗೆ ಒರಲೆ ಹಿಡಿದಿತ್ತು. ಮಾಡು ಪೂರ್ತಿ ಬಿಚ್ಚಿ ಹೊಸ ಪಕ್ಕಾಸು, ರೀಪು ಹಾಕಿ, ಒಡೆದ ಹೆಂಚಷ್ಟೇ ಬದಲಾಯಿಸಿ, ಹಿಂದೆ ಒಂದು ಬಚ್ಚಲು ಕಟ್ಟೋದು ಅಂತ ಮಾತಾಯ್ತು. ಬಂದವನು ಪರಿಚಯದವನೇ. ‘ಕಾಗದ ಬರೆಸ್ಕೋ ದೊಡ್ಡಮ್ಮ’ ಅಂದಿದ್ದಕ್ಕೆ, ‘ಎಂತ ಮಾತಾಡ್ತೀಯ ಮಾರಾಯ, ನಮ್ಮನೆ ಮದುವೇಲಿ ಪಾತ್ರೆ ಹೊತ್ತವರ ಮಗ ಅವನು, ಕಾಗದ ಕೇಳಿದ್ರೆ ಏನಂದ್ಕೊಳ್ತಾನೆ?’ ಅಂದ್ರು. ಏಪ್ರಿಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹಣ ಕೊಟ್ಟರು. ನಾಲ್ಕು ಆಳು ಬಂದು ಎರಡು ದಿನದಲ್ಲಿ ಹೆಂಚೆಲ್ಲ ಇಳಿಸಿ ಅಂಗಳದಲ್ಲಿ ಜೋಡಿಸಿದ್ರು. ಆಮೇಲೆ ಹದಿನೇಳು ದಿನ ಯಾರೂ ಇಲ್ಲ. ಆ ಮಳೆಗಾಲದ ಮೊದಲ ವಾರ ದೊಡ್ಡಮ್ಮ ಟಾರ್ಪಾಲಿನ ಕೆಳಗೆ ಮಲಗಿದ್ರು. ಮಣ್ಣಿನ ಗೋಡೆ ತಲೆ ಮೇಲೆ ನೀರು ಬಿದ್ರೆ ಏನಾಗುತ್ತೆ ಅಂತ ಸಿವಿಲ್‌ನವರಿಗೆ ಹೇಳಬೇಕಾಗಿಲ್ಲ. ಪಡಸಾಲೆಯ ಒಂದು ಗೋಡೆ ಹೋಯ್ತು.

ಊರವರು ಅವನನ್ನ ಕಳ್ಳ ಅಂದ್ರು. ನನಗೆ ಹಾಗನ್ನಿಸಲಿಲ್ಲ. ಆಮೇಲೆ ವಿಚಾರಿಸಿದಾಗ ಗೊತ್ತಾಗಿದ್ದು, ಅವನು ಆ ಏಪ್ರಿಲ್‌ನಲ್ಲಿ ಐದು ಮನೆ ಹಿಡಿದಿದ್ದ. ನಮ್ಮ ದೊಡ್ಡಮ್ಮನ ಹಣದಲ್ಲಿ ಇನ್ನೊಬ್ಬರ ಮನೆಗೆ ಸಿಮೆಂಟು ಹೋಯ್ತು. ಆ ಮನೆಯವರ ಹಣ ಅದರ ಹಿಂದಿನ ಮನೆಯ ಕಬ್ಬಿಣದ ಅಂಗಡಿ ಬಾಕಿಗೆ ಹೋಗಿತ್ತು. ಒಬ್ಬರ ಅಡ್ವಾನ್ಸು ಇನ್ನೊಬ್ಬರ ಸಿಮೆಂಟು, ಹೀಗೆ ಸರಪಣಿ. ಎಲ್ಲಿಯವರೆಗೆ ಹೊಸ ಅಡ್ವಾನ್ಸ್ ಬರ್ತಾ ಇರುತ್ತೋ ಅಲ್ಲಿಯವರೆಗೆ ಆತ ಒಳ್ಳೆಯವನೇ. ಕೊನೆಗೆ ಸಿಕ್ಕಿಹಾಕ್ಕೊಂಡವರಿಗೆ ಮಾತ್ರ ಆತ ಕಳ್ಳ.

ಇದು ಬೆಂಗಳೂರಿನಲ್ಲೂ ನಡೆಯುತ್ತೆ. ಆದ್ರೆ ನಮ್ಮ ಕಡೆ ಇದಕ್ಕೊಂದು ವಿಶೇಷ ಪಂಚಾಂಗ ಇದೆ. ಅರೇಬಿಕಾ ಕೊಯ್ಲು ನವೆಂಬರ್, ಡಿಸೆಂಬರಿಂದ ಜನವರಿ. ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಆ ತಿಂಗಳುಗಳಲ್ಲಿ ಕೈಕಾಲು ಗಟ್ಟಿ ಇರೋ ಆಳೆಲ್ಲ ತೋಟದಲ್ಲಿ. ಗಾರೆ ಕೆಲಸಕ್ಕೆ ಹೋಗೋರೂ ಹಣ್ಣು ಕುಯ್ಯೋಕೆ ಹೋಗ್ತಾರೆ, ಯಾಕಂದ್ರೆ ಕುಯ್ದ ತೂಕಕ್ಕೆ ತಕ್ಕ ಕೂಲಿ. ಕಣದಲ್ಲಿ ಒಣಗಿ, ಮಾರಿ, ಹಣ ಕೈಗೆ ಬರೋ ಹೊತ್ತಿಗೆ ಫೆಬ್ರವರಿ, ಮಾರ್ಚ್. ನಡುವೆ ಹೂವಿನ ಮಳೆ. ತೋಟದವರು ಆಕಾಶ ನೋಡ್ತಾ ಕಾಯೋ ಮಳೆಯೇ ಸ್ಲ್ಯಾಬ್ ಹಾಕೋನಿಗೆ ಶತ್ರು. ಜಾತ್ರೆ, ಮದುವೆ, ಇದ್ರೆ ಚುನಾವಣೆ. ಜೂನ್ ಮೊದಲ ವಾರಕ್ಕೆ ಮುಂಗಾರು. ಹೀಗೆ ಕಳೆದು ಕಳೆದು ಉಳಿಯೋದು ಸುಮಾರು ಎರಡೂವರೆ ತಿಂಗಳು. ಇಡೀ ಮೂಡಿಗೆರೆ, ಕಳಸ ತಾಲ್ಲೂಕಿನ ಎಲ್ಲ ಮನೆಯ ಮಾಡುಗಳೂ ಆ ಎರಡೂವರೆ ತಿಂಗಳಲ್ಲೇ ಬಿಚ್ಚಿಕೊಳ್ಳಬೇಕು, ಮುಚ್ಚಿಕೊಳ್ಳಬೇಕು.

ಮೇಸ್ತ್ರಿಯ ಕಡೆಯಿಂದ ನೋಡಿ. ವರ್ಷದ ದುಡಿಮೆ ಅಷ್ಟೇ ದಿನದಲ್ಲಿ ಆಗಬೇಕು. ಬಂದ ಕೆಲಸ ಬೇಡ ಅಂದ್ರೆ ಅದು ಪಕ್ಕದವನಿಗೆ ಹೋಗುತ್ತೆ, ಮುಂದಿನ ವರ್ಷವೂ ಹೋಗುತ್ತೆ. ಹಾಗಾಗಿ ಎಲ್ಲದಕ್ಕೂ ‘ಆಯ್ತು’ ಅಂತಾನೆ. ಕೆಲಸ ಹಿಡಿದಿಡೋಕೆ ಸುಲಭದ ದಾರಿ ಅಂದ್ರೆ ಮನೆ ಬಿಚ್ಚಿ ಹಾಕೋದು. ಮಾಡು ಬಿಚ್ಚಿದ ಮನೆಯವರು ಬೇರೆಯವನನ್ನ ಕರೆಯಲ್ಲ.

ಅದಕ್ಕೇ ನನ್ನ ಮೊದಲ ಪ್ರಶ್ನೆ ‘ಚದರಕ್ಕೆ ಎಷ್ಟು?’ ಅನ್ನೋದು ಆಗಲ್ಲ. ‘ಈಗ ಕೈಯಲ್ಲಿ ಎಷ್ಟು ಮನೆ ಇದೆ, ಎಲ್ಲೆಲ್ಲಿ, ಯಾವ ಹಂತದಲ್ಲಿ?’ ಅಂತ ಕೇಳಬೇಕು. ಕೇಳಿದ ಮೇಲೆ ಸ್ಕೂಟರ್ ಹತ್ತಿ ಹೋಗಿ ನೋಡಬೇಕು. ಮೂರು ಮನೆ ಅಂದವನ ಮೂರು ಮನೆಯಲ್ಲೂ ಆಳು ಇದ್ರೆ ಮಾತಾಡೋಣ. ಸೈಟಿನಲ್ಲಿ ಸಿಮೆಂಟ್ ಮೂಟೆ ಗಟ್ಟಿಯಾಗಿ ಕೂತಿದ್ರೆ, ಸೆಂಟ್ರಿಂಗ್ ಹಲಗೆ ಮೇಲೆ ಹುಲ್ಲು ಬಂದಿದ್ರೆ, ಆ ಮನೆಯವರು ಕಾಫಿ ಕೊಟ್ಟು ಕೂರಿಸಿ ತಮ್ಮ ಕತೆ ಹೇಳೋಕೆ ಶುರು ಮಾಡಿದ್ರೆ ಬೇರೆ ವಿಚಾರಣೆ ಬೇಕಾಗಿಲ್ಲ.

ಮುಗಿದ ಮನೆ ನೋಡೋದಾದ್ರೆ ಹೋದ ತಿಂಗಳು ಗೃಹಪ್ರವೇಶ ಆದದ್ದನ್ನ ನೋಡಬೇಡಿ. ಹೊಸ ಪೇಂಟಿನ ಕೆಳಗೆ ಎಲ್ಲ ಮನೆಯೂ ಒಂದೇ ಥರ. ಮೂರು ಮಳೆಗಾಲ ದಾಟಿದ ಮನೆ ತೋರಿಸು ಅನ್ನಿ. ಅದೂ ಇದೇ ಕಡೆಯ ಮನೆ. ಚಿಕ್ಕಮಗಳೂರು ಪೇಟೆಯ ಮಳೆಗೆ ತಡೆದ ಕೆಲಸ ಕೊಟ್ಟಿಗೆಹಾರದ ಮಳೆಗೆ ತಡೀಬೇಕು ಅಂತೇನಿಲ್ಲ. ಪುನರ್ವಸು, ಪುಷ್ಯ, ಆಶ್ಲೇಷ ಮೂರೂ ಮಳೆ ನೋಡಿದ ಗೋಡೆ ಸುಳ್ಳು ಹೇಳಲ್ಲ. ಗೋಡೆಯ ಬುಡದಲ್ಲಿ ಉಪ್ಪು ಹೂ ಬಿಟ್ಟಿದ್ಯಾ, ಸ್ಲ್ಯಾಬಿನ ಅಡಿಯಲ್ಲಿ ಹಳದಿ ಕಲೆ ಇದ್ಯಾ, ಹೆಂಚಿನ ಮಾಡು ಮತ್ತು ಸ್ಲ್ಯಾಬ್ ಸೇರೋ ಜಾಗದಲ್ಲಿ ಬಕೆಟ್ ಇಟ್ಟಿದ್ದಾರಾ, ಇಷ್ಟು ನೋಡಿ. ಆ ಕೂಡುವ ಜಾಗ ಇದ್ಯಲ್ಲ, ಮಲೆನಾಡಿನ ಮುಕ್ಕಾಲು ಜಗಳ ಅಲ್ಲೇ ಸೋರೋದು.

ಸ್ಲ್ಯಾಬ್ ಅಂದಾಗ ಒಂದು ಮಾತು. ನಮ್ಮಲ್ಲಿ ಆರ್‌ಸಿಸಿ ಹಾಕಿ, ಅದು ಸೋರುತ್ತೆ ಅಂತ ಅದರ ಮೇಲೆ ಕಬ್ಬಿಣದ ಟ್ರಸ್ ಎತ್ತಿ ಶೀಟ್ ಹೊದಿಸ್ತೀವಿ. ಅಂದ್ರೆ ಒಂದು ಮನೆಗೆ ಎರಡು ಮಾಡಿನ ಖರ್ಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿಂದ ಘಟ್ಟದ ಮೇಲಿನ ಮಳೆಗೆ ಒಗ್ಗಿದ ಮಾಡು ಯಾವುದು ಅಂತ ಗೊತ್ತೇ ಇದೆ. ಆದ್ರೂ ಹೆಂಚಿನ ಮನೆ ರಿಪೇರಿಗೆ ಅಂತ ಕರೆದವನು ಒಳಗೆ ಬರೋಕೆ ಮುಂಚೆಯೇ ‘ಕೆಡವಿ ಬಿಡಿ, ಆರ್‌ಸಿಸಿ ಹಾಕೋಣ’ ಅಂತಾನೆ. ಅವನಿಗೆ ಗೊತ್ತಿರೋದು ಅದೊಂದೇ. ಪಕ್ಕಾಸು ಜೋಡಿಸೋ ಆಚಾರಿ ಅವನ ತಂಡದಲ್ಲಿಲ್ಲ, ಮಣ್ಣಿನ ಗೋಡೆಗೆ ದಪ್ಪ ಸಿಮೆಂಟ್ ಪ್ಲಾಸ್ಟರ್ ಬಳಿದ್ರೆ ಒಳಗಿನ ತೇವ ಹೊರಗೆ ಹೋಗದೆ ಗೋಡೆಯೇ ಕೊಳೆಯುತ್ತೆ ಅನ್ನೋದೂ ತಲೆಗೆ ಬಂದಿಲ್ಲ. ಇಂಥವನು ಪ್ರಾಮಾಣಿಕನೇ ಇರಬಹುದು. ಆದ್ರೂ ಆ ಮನೆಗೆ ಅವನು ಆಗಲ್ಲ. ಪ್ರಾಮಾಣಿಕತೆ ಮತ್ತು ಕೆಲಸ ಗೊತ್ತಿರೋದು ಎರಡು ಬೇರೆ ಬೇರೆ ಪೇಪರ್, ಎರಡರಲ್ಲೂ ಪಾಸಾಗಬೇಕು.

ಕೆಡವೋ ಮಾತು ಬಂದಾಗ ಇನ್ನೊಂದು ಆಸೆಯೂ ಅದರ ಹಿಂದೆ ಇರುತ್ತೆ. ‘ಕೆಡವೋ ಕೂಲಿ ಬೇಡ, ಹಳೇ ಮಾಲು ನಮಗೆ ಬಿಡಿ’ ಅಂತ ಉದಾರವಾಗಿ ಹೇಳ್ತಾರೆ. ಹಳೇ ಮಾಲು ಅಂದ್ರೆ ಏನು? ಬೀಟೆಯ ಬಾಗಿಲು, ಹಲಸಿನ ತೊಲೆ, ಕೆತ್ತನೆ ಕಂಬ, ಮುತ್ತಜ್ಜನ ಕಾಲದ ಹೆಂಚು. ರೆಸಾರ್ಟ್‌ನವರು ‘ಟ್ರೆಡಿಷನಲ್ ಲುಕ್’ ಬೇಕು ಅಂತ ಅದನ್ನೇ ಹುಡುಕ್ಕೊಂಡು ಬಂದು ಕೊಳ್ತಾರೆ. ನಿಮ್ಮ ಮನೆ ಕಂಬ ಇನ್ಯಾರದೋ ರಿಸೆಪ್ಷನ್‌ನಲ್ಲಿ ನಿಂತ್ಕೊಳ್ಳುತ್ತೆ. ಬಿಚ್ಚಿದ ಮಾಲು ಯಾರಿಗೆ ಸೇರಿದ್ದು ಅಂತ ಮೊದಲೇ ಬರೆದಿಡಿ, ಬಿಚ್ಚೋಕೆ ಮುಂಚೆ ಎಣಿಸಿ, ಫೋಟೋ ತೆಗೀರಿ.

ಇನ್ನು ಧರೆ. ಹೊರಗಿನಿಂದ ಬಂದ ಸ್ನೇಹಿತರಿಗೆ ಹೇಳೋದಾದ್ರೆ, ಗುಡ್ಡ ಕಡಿದು ಮನೆಗೆ ಜಾಗ ಮಾಡ್ಕೊಂಡಾಗ ಹಿಂದೆ ಗೋಡೆಯಂತೆ ನಿಲ್ಲೋ ಮಣ್ಣಿಗೆ ನಾವು ಧರೆ ಅಂತೀವಿ. ಪ್ರತಿ ಮಳೆಗಾಲ ಪೇಪರಿನಲ್ಲಿ ‘ಧರೆ ಕುಸಿದು ಮನೆಗೆ ಹಾನಿ’ ಅಂತ ಬರೋದು ಇದೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಆಗಿದ್ದು ಬೇರೆ. ಅಲ್ಲಿ ಗುಡ್ಡವೇ ಇಳಿದು ಬಂತು, ಅದಕ್ಕೆ ಯಾವ ಮೇಸ್ತ್ರಿಯನ್ನೂ ದೂರೋ ಹಾಗಿಲ್ಲ. ಆದ್ರೆ ಹಿಂದೊಂದು ರೂಮು ಬೇಕು, ಗೆಸ್ಟ್‌ಗಳ ಕಾರು ನಿಲ್ಲಿಸೋಕೆ ಜಾಗ ಬೇಕು ಅಂತ ಮೇ ತಿಂಗಳಲ್ಲಿ ಜೆಸಿಬಿ ತರಿಸಿ ಧರೆಯನ್ನ ನೆಟ್ಟಗೆ ಕಡಿಸಿ, ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸದೇ ಬಿಡೋದು ನಮ್ಮ ಕೈಯಾರೆ ಮಾಡೋ ಕೆಲಸ. ರಿಪೇರಿಗೆ ಅಂತ ಬಂದವನು ಮನೆಯ ಒಳಗೆ ಹೋಗೋಕೆ ಮುಂಚೆ ಹಿಂದೆ ಹೋಗಿ ಧರೆ ನೋಡಿ, ‘ಮಳೆಗಾಲದಲ್ಲಿ ಇಲ್ಲಿ ಒರತೆ ಏಳುತ್ತಾ? ಚರಂಡಿ ಎಲ್ಲಿ?’ ಅಂತ ಕೇಳಿದ್ರೆ ನನ್ನ ಅರ್ಧ ಮಾರ್ಕ್ಸ್ ಅವನಿಗೆ ಅಲ್ಲೇ ಬಿತ್ತು.

ಈಗ ಹಣದ ವಿಷಯ. ಇದೇ ಮುಖ್ಯ.

2019ರಲ್ಲಿ ಪೂರ್ತಿ ಮನೆ ಕಳ್ಕೊಂಡವರಿಗೆ ಸರ್ಕಾರ 5 ಲಕ್ಷ ಅಂತ ಘೋಷಿಸಿತು. ಒಟ್ಟಿಗೆ ಕೊಡಲಿಲ್ಲ. ಮೊದಲು 1 ಲಕ್ಷ, ಆಮೇಲೆ ಕೆಲಸ ಮೇಲೆ ಬಂದಂಗೆ ಕಂತು. ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳಿಗೆಲ್ಲ ಇದೇ ಪದ್ಧತಿ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೋ. ಮನೆ ಬಿದ್ದವರು ಕೈಯಲ್ಲಿ ಕಾಸಿಲ್ಲದೇ ಮುಂದಿನ ಕಂತಿಗೆ ಕಾಯ್ತಾ ಕೂರಬೇಕಾಗಿದ್ದು ಸಣ್ಣ ಕಷ್ಟವಲ್ಲ, ಅದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಆದ್ರೆ ವಿಚಿತ್ರ ನೋಡಿ. ನೀರುಪಾಲಾದ ಬಡವರನ್ನ ನಂಬೋಕೆ ಸರ್ಕಾರಕ್ಕೆ ಹಂತ ಹಂತದ ಫೋಟೋ ಬೇಕು. ನಾವು ಮಾತ್ರ ಒಂದು ವರ್ಷದ ಕಾಫಿಯ ಹಣದಲ್ಲಿ ಅರ್ಧವನ್ನ ಯಾವ ಫೋಟೋನೂ ಇಲ್ಲದೇ ಒಂದೇ ದಿನ ಎತ್ತಿ ಕೊಡ್ತೀವಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆ ರಿಪೇರಿ ಕಾಂಟ್ರಾಕ್ಟರ್ ತಗೊಳ್ಳೋ ಅಡ್ವಾನ್ಸಿಗೆ ಕಾನೂನಿನಲ್ಲೇ ಮಿತಿ ಇದೆ. ಒಟ್ಟು ಮೊತ್ತದ 10 ಪರ್ಸೆಂಟ್ ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟು ಮಾತ್ರ. ಅಲ್ಲಿ ಇಂಥ ಕೆಲಸಕ್ಕೆ ಲೈಸೆನ್ಸ್ ಬೇರೆ ಬೇಕು. ನಮ್ಮಲ್ಲಿ ಅಂಥ ಲೈಸೆನ್ಸ್ ಇಲ್ಲ, ಮಿತಿಯೂ ಇಲ್ಲ. ಯಾರಾದ್ರೂ ‘ನಾನು ಪಿಡಬ್ಲ್ಯುಡಿ ಕ್ಲಾಸ್ ಒನ್’ ಅಂದ್ರೆ ಹೆದರಬೇಡಿ, ಮಣಿಯಲೂ ಬೇಡಿ. ಅದು ಸರ್ಕಾರಿ ಟೆಂಡರಿನಲ್ಲಿ ಎಷ್ಟು ಮೊತ್ತದ ಕೆಲಸಕ್ಕೆ ಹೋಗಬಹುದು ಅನ್ನೋದರ ದರ್ಜೆ. ನಿಮ್ಮ ಬಚ್ಚಲಿನ ಟೈಲ್ಸ್ ಸರಿ ಕೂರುತ್ತೆ ಅನ್ನೋದಕ್ಕೆ ಅದು ಸರ್ಟಿಫಿಕೇಟ್ ಅಲ್ಲ. ರೇರಾದಲ್ಲಿ ನೋಡ್ಕೊಳ್ತೀನಿ ಅನ್ನೋರಿಗೂ ಒಂದು ಮಾತು: ಮಾರಾಟಕ್ಕಲ್ಲದ ಸ್ವಂತ ಮನೆಯ ರಿಪೇರಿ ರೇರಾ ಕಾಯ್ದೆಯೊಳಗೆ ಬರಲ್ಲ.

10 ಪರ್ಸೆಂಟ್ ನಮ್ಮ ಕಡೆ ನಡೆಯಲ್ಲ, ಒಪ್ತೀನಿ. ಸಣ್ಣ ಮೇಸ್ತ್ರಿಗೆ ಬ್ಯಾಂಕ್ ಸಾಲ ಸಿಗಲ್ಲ, ಅಂಗಡಿಯವರು ಉದ್ರಿ ಕೊಡಲ್ಲ, ಆಳುಗಳಿಗೆ ವಾರದ ಬಟವಾಡೆ ಆಗಲೇಬೇಕು. ಅದಕ್ಕೆ ಸುಲಭದ ಉಪಾಯ ಅಂದ್ರೆ ಸಾಮಾನು ನೀವೇ ತಂದುಕೊಡಿ. ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡಿನ ಹಣ ನೇರ ಅಂಗಡಿಗೆ, ಬಿಲ್ಲು ನಿಮ್ಮ ಹೆಸರಿಗೆ. ಮೇಸ್ತ್ರಿಗೆ ಲೇಬರ್ ಕಾಂಟ್ರಾಕ್ಟ್ ಮಾತ್ರ, ಅದೂ ಆದ ಕೆಲಸಕ್ಕೆ ವಾರವಾರ. ನಿಮ್ಮ ಹಣ ಇನ್ನೊಬ್ಬರ ಮನೆಯ ಸಿಮೆಂಟಾಗೋ ದಾರಿ ಅಲ್ಲಿಗೆ ಮುಚ್ಚಿತು. ಮನೆಯಲ್ಲಿ ಓಡಾಡೋರು ಯಾರೂ ಇಲ್ಲ ಅಂದ್ರೆ ಪೂರ್ತಿ ಕಾಂಟ್ರಾಕ್ಟೇ ಕೊಡಿ, ಆದ್ರೆ ಕಂತು ಕೆಲಸದ ಹಿಂದೆ ಬರಲಿ, ಮುಂದೆ ಓಡೋದು ಬೇಡ. ಹೊಸ ಪಕ್ಕಾಸು ಅಂಗಳಕ್ಕೆ ಬಂದು ಬೀಳದೇ ಹಳೇ ಹೆಂಚು ಇಳಿಯಬಾರದು ಅನ್ನೋ ಒಂದೇ ಸಾಲು ದೊಡ್ಡಮ್ಮನ ಕಾಗದದಲ್ಲಿ ಇದ್ದಿದ್ರೆ ಸಾಕಿತ್ತು.

ಚದರದ ರೇಟಿನ ಬಗ್ಗೆಯೂ ಹೇಳಬೇಕು. ಹೊಸ ಮನೆಗೆ ಚದರ, ಅಂದ್ರೆ ನೂರು ಚದರಡಿಗೆ ಇಷ್ಟು ಅನ್ನೋದು ಒಂದು ಅಂದಾಜು. ರಿಪೇರಿಗೆ ಅದು ಏನನ್ನೂ ಹೇಳಲ್ಲ. ಹತ್ತು ಚದರದ ಮನೆಯಲ್ಲಿ ಒಂದು ಗೋಡೆ ಮಾತ್ರ ಹಾಳಾಗಿರಬಹುದು, ಅಥವಾ ನೆಲ ಬಿಟ್ಟು ಎಲ್ಲ ಹಾಳಾಗಿರಬಹುದು. ‘ರಿಪೇರಿ ಕೆಲಸ, ಲಂಪ್ಸಮ್’ ಅಂತ ಒಂದೇ ಸಾಲಿನ ಕೊಟೇಶನ್ ತಂದವನಿಗೆ ‘ಐಟಂ ಬಿಡಿಸಿ ಬರೀರಿ’ ಅನ್ನಿ. ಎಷ್ಟು ಪಕ್ಕಾಸು, ಯಾವ ಮರ, ಪ್ಲಾಸ್ಟರ್ ಎಷ್ಟು ಚದರಡಿ, ಯಾವ ಪ್ರಮಾಣದ ಗಾರೆ, ವೈರಿಂಗ್ ಎಷ್ಟು ಪಾಯಿಂಟು. ಬರೆಯೋಕೆ ಒಪ್ಪದವನು ಅಳೆಯೋಕೂ ಒಪ್ಪಲ್ಲ.

ಇಲ್ಲಿ ನಮ್ಮ ಓದು ನಿಜವಾಗಿ ಉಪಯೋಗಕ್ಕೆ ಬರುತ್ತೆ. ಪ್ಲಾಸ್ಟರ್ ಬಿಲ್ಲಿನಲ್ಲಿ ಬಾಗಿಲು, ಕಿಟಕಿ ಕಳೆಯೋದು ಹೇಗೆ ಅನ್ನೋದಕ್ಕೆ ಐಎಸ್ 1200ರಲ್ಲಿ ಲೆಕ್ಕ ಇದೆ. ಅರ್ಧ ಚದರ ಮೀಟರಿಗಿಂತ ಸಣ್ಣ ಕಿಂಡಿಗೆ ಏನೂ ಕಳೆಯಲ್ಲ. ಅರ್ಧದಿಂದ 3 ಚದರ ಮೀಟರ್‌ವರೆಗೆ ಒಂದು ಮುಖ ಮಾತ್ರ ಕಳೀಬೇಕು. ಅದಕ್ಕಿಂತ ದೊಡ್ಡದಕ್ಕೆ ಎರಡೂ ಮುಖ ಕಳೆದು ಬದಿಗಳನ್ನ ಸೇರಿಸಬೇಕು. ಮನೆಯ ಮಾಮೂಲಿ ಬಾಗಿಲು ನಡುವಿನ ಸಾಲಿಗೆ ಬರುತ್ತೆ. ಕೆಲವರು ಏನೂ ಕಳೆಯದೇ ಬಿಲ್ ಮಾಡ್ತಾರೆ, ಕೆಲವು ಮನೆಯವರು ಎರಡೂ ಕಡೆ ಕಳೀಬೇಕು ಅಂತ ಮೇಸ್ತ್ರಿ ಜೊತೆ ಜಗಳ ಆಡ್ತಾರೆ. ಇಬ್ಬರೂ ತಪ್ಪು. ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು ಇಬ್ಬರ ಎದುರೂ ಅಳೆದು ಸಹಿ ಹಾಕಿಸೋಕೆ ಅರ್ಧ ದಿನ ಸಾಕು. ಪಿಡಬ್ಲ್ಯುಡಿಯವರ ಎಂ ಬುಕ್ ಅಂದ್ರೂ ಇಷ್ಟೇ.

ಸ್ಲ್ಯಾಬ್ ಹಾಕಿದ ಮೇಲೆ ನೀರು ಹಾಕೋ ವಿಷಯವೂ ಹಾಗೇ. ನಮ್ಮ ಕಡೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು ಪಿಪಿಸಿ. ಐಎಸ್ 456ರ ಪ್ರಕಾರ ಇಂಥ ಬ್ಲೆಂಡೆಡ್ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಓಪಿಸಿಗೆ 7. ಕಾಂಟ್ರಾಕ್ಟರ್ ಮೂರು ದಿನ ನೀರು ಹಾಕಿ ಹೋದ್ರೆ ಬೈಯೋಕೆ ಮುಂಚೆ, ಆ ನೀರು ಹಾಕೋ ಕೆಲಸ ಯಾರದು ಅಂತ ಮೊದಲೇ ಮಾತಾಡಿದ್ರಾ? ಬಹಳ ಸಲ ಇಲ್ಲ. ಅವನು ಮನೆಯವರು ಹಾಕ್ತಾರೆ ಅಂದ್ಕೊಳ್ತಾನೆ, ಮನೆಯವರು ಅವನು ಹಾಕ್ತಾನೆ ಅಂದ್ಕೊಳ್ತಾರೆ, ಏಪ್ರಿಲ್ ಬಿಸಿಲು ತನ್ನ ಕೆಲಸ ಮಾಡುತ್ತೆ.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದು ಕಡೆಯನ್ನೂ ಬರೀದಿದ್ರೆ ಅನ್ಯಾಯ. ನಮ್ಮ ಊರುಗಳಲ್ಲಿ ಕಾಂಟ್ರಾಕ್ಟರ್ ಮೋಸ ಮಾಡಿದ ಕತೆ ಎಲ್ಲರೂ ಹೇಳ್ತಾರೆ. ಮನೆಯವರು ಮೋಸ ಮಾಡಿದ ಕತೆ ಮೇಸ್ತ್ರಿಗಳು ಮಾತ್ರ ಹೇಳ್ತಾರೆ, ಕೇಳೋರಿಲ್ಲ. ಕೆಲಸ ಶುರುವಾದ ಮೇಲೆ ‘ಈ ಕಿಟಕಿ ಆ ಕಡೆ ಇರ್ಲಿ’, ‘ಇಲ್ಲೊಂದು ಸಣ್ಣ ಕಟ್ಟೆ ಹಾಕ್ಬಿಡು’, ‘ಹೆಂಗೂ ಆಳಿದ್ದಾರೆ, ಆ ದನದ ಕೊಟ್ಟಿಗೆ ಹೆಂಚೂ ಸರಿ ಮಾಡ್ಸು’. ಲೆಕ್ಕ ಕೊಟ್ಟಾಗ ‘ಅದಕ್ಕೂ ದುಡ್ಡಾ?’ ಕೊನೇ ಕಂತು ಕೇಳೋಕೆ ಹೋದ್ರೆ ‘ಈಗ ಎಲ್ಲಿ, ಮುಂದಿನ ಕಾಫಿಗೆ ನೋಡೋಣ’. ಮುಂದಿನ ಕಾಫಿ ಅಂದ್ರೆ ಹತ್ತು ತಿಂಗಳು. ಬಟವಾಡೆಗೆ ಕಾಯೋ ಆಳು ಹತ್ತು ತಿಂಗಳು ಕಾಯ್ತಾನಾ? ದೊಡ್ಡ ಮನೆಯವರ ಜಗಲಿಯಲ್ಲಿ ನಿಂತು ತನ್ನದೇ ದುಡ್ಡು ಕೇಳೋಕೆ ಮೇಸ್ತ್ರಿಗೆ ಬಾಯಿ ಬರಲ್ಲ. ಆಗ ಅವನು ಏನ್ ಮಾಡ್ತಾನೆ? ಮುಂದಿನ ಮನೆಯವರ ಹತ್ರ ಜಾಸ್ತಿ ಅಡ್ವಾನ್ಸ್ ಕೇಳ್ತಾನೆ. ದೊಡ್ಡಮ್ಮನ ಮನೆಯಲ್ಲಿ ನಾನು ಹೇಳಿದ ಆ ಸರಪಣಿಯ ಮೊದಲ ಕೊಂಡಿ ಎಷ್ಟೋ ಸಲ ಇಲ್ಲೇ ಇರೋದು, ದುಡ್ಡು ಇದ್ದೂ ಕೊಡದ ಮನೆಯಲ್ಲಿ.

ಹಾಗಾಗಿ ಕಾಗದ ಕೇಳೋದು ಅವಮಾನ ಅನ್ನೋ ಮಾತನ್ನ ನಾನು ಒಪ್ಪಲ್ಲ. ಕಾಗದ ಮೇಸ್ತ್ರಿಗೂ ಬೇಕು. ಬದಲಾವಣೆ ಮಾಡಿದ್ರೆ ಎಷ್ಟು ಹೆಚ್ಚು ಅಂತ ಅದೇ ದಿನ ವಾಟ್ಸಾಪ್‌ನಲ್ಲಿ ಬರೆದು ‘ಸರಿ’ ಅನ್ನಿಸ್ಕೊಂಡ್ರೆ ಅದೂ ಕಾಗದವೇ. ನನ್ನ ಪ್ರಕಾರ ಒಳ್ಳೇ ಕಾಂಟ್ರಾಕ್ಟರ್‌ನ ಒಂದು ಗುರುತು ಅಂದ್ರೆ ಅವನೇ ಮುಂದಾಗಿ ‘ಇದನ್ನ ಬರ್ಕೊಳ್ಳಿ ಸಾರ್’ ಅನ್ನೋದು.

ಎಲ್ಲ ಮಾಡಿಯೂ ಕೈಕೊಟ್ಟರೆ? ಸ್ಟೇಷನ್ನಿಗೆ ಹೋಗೋದು ಮೊದಲ ಯೋಚನೆ. ಸಾಮಾನ್ಯವಾಗಿ ಅಲ್ಲಿ ‘ಇದು ಸಿವಿಲ್ ಮ್ಯಾಟರ್’ ಅಂತಾರೆ, ನಾವು ಆ ಸಿವಿಲ್ ಅಲ್ಲ ಅಂತ ಹೇಳಿ ನಗಬಹುದು ಅಷ್ಟೇ. ಉಪಯೋಗಕ್ಕೆ ಬರೋದು ಗ್ರಾಹಕರ ಆಯೋಗ. ಮನೆ ಕಟ್ಟಿಕೊಡೋದು ‘ಸೇವೆ’ ಅಂತ ಕಾಯ್ದೆಯಲ್ಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು, ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ. ಫೋನಿನಲ್ಲಿ ವಿಚಾರಿಸೋಕೆ 1915. ಹೋಮ್‌ಸ್ಟೇಗೆ ಅಂತ ಮಾಡಿಸಿದವರು ಒಂದು ತೊಡಕು ತಿಳ್ಕೊಂಡಿರಿ: ಎದುರಿನವರು ‘ಇದು ವ್ಯಾಪಾರಕ್ಕೆ ಮಾಡಿಸಿದ್ದು, ಇವರು ಗ್ರಾಹಕರೇ ಅಲ್ಲ’ ಅಂತ ವಾದ ಎತ್ತಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಅಂತ ನೀವು ತೋರಿಸಬೇಕಾಗುತ್ತೆ.

ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆ ಇದೆ. ಆದ್ರೆ ಆಯೋಗದ ಮುಂದೆ ಬೇಕಾಗೋದು ಪುರಾವೆ. ‘ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ’ ಅನ್ನೋ ಮಾತಿಗೆ ಮರುಳಾಗಿ ಕ್ಯಾಶ್ ಕೊಟ್ಟವರ ಹತ್ರ ಅದೇ ಇರಲ್ಲ. ಸಣ್ಣ ಮೇಸ್ತ್ರಿ ವರ್ಷಕ್ಕೆ 20 ಲಕ್ಷದೊಳಗೆ ದುಡಿಯೋನಾದ್ರೆ ಅವನಿಗೆ ಜಿಎಸ್‌ಟಿ ನೋಂದಣಿಯೇ ಬೇಕಾಗಿಲ್ಲ, ಅವನು ಬಿಳಿ ಹಾಳೆಯಲ್ಲಿ ರಸೀದಿ ಬರೆದುಕೊಟ್ರೂ ನಡೆಯುತ್ತೆ. ಹಣ ಮಾತ್ರ ಬ್ಯಾಂಕಿನ ಮೂಲಕವೋ ಯುಪಿಐನಲ್ಲೋ ಹೋಗಲಿ.

ಒಂದೇ ಒಂದು ಷರತ್ತು ಹಾಕೋ ಅವಕಾಶ ಇದ್ರೆ ನಾನು ಹಾಕೋದು ಇದನ್ನ: ಒಟ್ಟು ಮೊತ್ತದಲ್ಲಿ 5 ಪರ್ಸೆಂಟ್ ದೀಪಾವಳಿಗೆ. ಸರ್ಕಾರಿ ಕಾಂಟ್ರಾಕ್ಟಿನಲ್ಲಿ ಇದಕ್ಕೆ ರಿಟೆನ್ಷನ್ ಮನಿ ಅಂತಾರೆ, ನಾವು ಎಸ್ಟಿಮೇಶನ್ ಪೇಪರಿಗೆ ಉರು ಹೊಡೆದು ಮರೆತಿದ್ದೀವಿ. ಒಂದು ಮಳೆಗಾಲ ಪೂರ್ತಿ ಕಳೆದು, ಸೋರಿದ ಕಡೆ ಬಂದು ಸರಿ ಮಾಡಿಕೊಟ್ಟ ಮೇಲೆ ಆ ಹಣ. ಮನೆಯವರೂ ಆ ದಿನ ತಪ್ಪದೇ ಕೊಡಬೇಕು, ಮುಂದಿನ ಕಾಫಿಗೆ ಅನ್ನೋ ಹಾಗಿಲ್ಲ. ಬೇಕಾದ್ರೆ ಇಬ್ಬರಿಗೂ ಬೇಕಾದ ಮೂರನೆಯವರ ಕೈಯಲ್ಲಿ ಮೊದಲೇ ಇಟ್ಟಿರಲಿ; ಸೊಸೈಟಿಯ ಸೆಕ್ರೆಟರಿ, ಶಾಲೆಯ ಮೇಷ್ಟ್ರು, ಅಂಥ ಯಾರಾದ್ರೂ ಪ್ರತಿ ಊರಲ್ಲೂ ಇರ್ತಾರೆ.

ಕನ್ನಡ ಸಂಘಕ್ಕೆ ಇದೆಲ್ಲ ಯಾಕೆ ಅಂತ ಕೇಳಬಹುದು. ಮೂಡಿಗೆರೆ ಅಂದ್ರೆ ತೇಜಸ್ವಿ ಬಗ್ಗೆ ಬರೀಬೇಕಿತ್ತು ಅಂತ ಸಂಪಾದಕರಿಗೂ ಅನ್ನಿಸಿರಬಹುದು. ಕಾರಣ ಸರಳ. ನಮ್ಮ ಕಡೆ ಕಾಂಟ್ರಾಕ್ಟ್ ಕಾಗದ ಅಂತ ಏನಾದ್ರೂ ಬಂದ್ರೆ ಅದು ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಇಂಗ್ಲಿಷ್ ಕಾಗದ. ಸಹಿ ಹಾಕೋ ದೊಡ್ಡಮ್ಮನಿಗೂ ಅದು ಓದೋಕೆ ಬರಲ್ಲ, ಸಹಿ ಹಾಕೋ ಮೇಸ್ತ್ರಿಗೂ ಬರಲ್ಲ. ಒಂದೇ ಹಾಳೆ, ಎರಡೂ ಬದಿ, ಕನ್ನಡದಲ್ಲಿ, ಮೇಸ್ತ್ರಿಗಳು ಆಡೋ ಮಾತಿನಲ್ಲೇ ಇದ್ರೆ ಸಾಕು. ಒಂದು ಬದಿಯಲ್ಲಿ ಐಟಂ, ಅಳತೆ, ರೇಟು. ಇನ್ನೊಂದು ಬದಿಯಲ್ಲಿ ಹಂತ ಮತ್ತು ಕಂತು, ಸಾಮಾನು ಯಾರದು, ಬಿಚ್ಚಿದ ಮಾಲು ಯಾರದು, ನೀರು ಹಾಕೋದು ಯಾರು, ಮಾಡು ಯಾವತ್ತು ಬಿಚ್ಚೋದು ಯಾವತ್ತು ಮುಚ್ಚೋದು, ಬದಲಾವಣೆ ಆದ್ರೆ ಹೆಂಗೆ, ದೀಪಾವಳಿಯ 5 ಪರ್ಸೆಂಟ್ ಯಾರ ಕೈಯಲ್ಲಿ. ಐಟಂ ಪಟ್ಟಿ ಮಾಡೋಕೆ ಸಿವಿಲ್‌ನಿಂದ ಇಬ್ಬರು ಬೇಕು, ಭಾಷೆ ತಿದ್ದೋಕೆ ಸಂಘದಿಂದ ಒಬ್ಬರು, ಬರೆದಿದ್ದನ್ನ ಓದಿಸಿ ‘ಇದು ನಡೆಯಲ್ಲ ಬಿಡಿ’ ಅನ್ನಿಸ್ಕೊಳ್ಳೋಕೆ ಒಬ್ಬ ಹಳೇ ಮೇಸ್ತ್ರಿ. ಜನವರಿಯೊಳಗೆ ತಯಾರಾದ್ರೆ ರೊಬಸ್ಟಾ ಹಣ ಬರೋ ಹೊತ್ತಿಗೆ ಊರು ಸೇರುತ್ತೆ. ಬರೋರು ಲ್ಯಾಬ್ ಮುಗಿಸ್ಕೊಂಡು ಶುಕ್ರವಾರ ಸಂಜೆ ಸಂಘದ ರೂಮಿಗೆ ಬನ್ನಿ, ಟೇಪು ನಾನು ತರ್ತೀನಿ.